ಸ್ಕಾಟ್ಲೆಂಡಿಗೆ ಹೋದ ಹರಕೆ ಕಾಯಿ

ನಮ್ಮ ಮನೆಯವರು ಎಲ್ಲಿಗಾದರೂ ಸುಮ್ಮನೆ ಹೋಗಿ ಸುಮ್ಮನೆ ಬಂದ ದಾಖಲೆ ಇಲ್ಲ. ಒಮ್ಮೆ ಭಟ್ಕಳದ ಮದುವೆಗೆಂದು ಹೊರಟವರು ಗಡಿಬಿಡಿಯಲ್ಲಿ ಶಿರಾಲಿಯಲ್ಲೇ ಬಸ್ಸಿಳಿದು, ಗುರುತೇ ಇಲ್ಲದ ಮದುಮಕ್ಕಳಿಗೆ ಅಕ್ಷತೆ ಹಾಕಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಬಂದಿದ್ದೇವೆ. ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿದು ಉಪಚಾರ ಮಾಡಿದ್ದರು. ಅಂಥವರು ಸ್ಕಾಟ್ಲೆಂಡಿಗೆ ಹೊರಟರೆ ಏನಾದೀತೆಂದು ನಾನು ಮೊದಲೇ ಯೋಚಿಸಬೇಕಿತ್ತು.

ಎಡಿನ್‌ಬರೋದಲ್ಲಿ ನರ್ಸ್ ಆಗಿರುವ ನಾದಿನಿ ನಮ್ಮನ್ನು ಕರೆದಿದ್ದಳು. ಕುಮಟೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನಗೆ ಅಲ್ಲಿಯ ಕೋಟೆಗಳನ್ನು ನೋಡುವ ಆಸೆ. ಹೆಂಡತಿಗೆ ತಂಗಿಯನ್ನು ನೋಡುವ ಆಸೆ. ನಮ್ಮ ಆಯಿಗೆ, ಅಂದರೆ ನನ್ನ ತಾಯಿಗೆ, ನೋಡುವ ಆಸೆ ಏನೂ ಇರಲಿಲ್ಲ. ಅವಳಿಗಿದ್ದದ್ದು ಒಂದು ಹರಕೆ.

ಆ ಸೀಮೆಯ ದೇವರು

ವೀಸಾ ಬರುವುದು ತಡವಾದಾಗ ಆಯಿ ಹರಕೆ ಹೇಳಿಕೊಳ್ಳಲು ಕೂತಳು.

"ನಮ್ಮ ಗಣಪತಿಗೆ ಹೇಳ್ಕಂಡ್ರೆ ಸಾಕಾಗ್ತಿಲ್ಯನೇ ಆಯಿ?" ಎಂದೆ.

"ಅಂವ ಇಲ್ಲಿಯಂವ ತಮಾ. ಅಲ್ಲಿ ಆಪ ಕೆಲ್ಸಕ್ಕೆ ಅಂವಂಗೆ ಯಾಕೆ ತೊಂದ್ರೆ? ಆ ಸೀಮೆ ಕೆಲ್ಸ ಆ ಸೀಮೆ ದೇವ್ರೇ ಮಾಡಿಕೊಡವು."

ಕೂಡಲೇ ನಾದಿನಿಗೆ ಫೋನು. ಅಲ್ಲಿ ಯಾವ ದೇವರಿದೆ? ಇವಳಿಗೆ ಏನು ಹೇಳುವುದೆಂದು ತಿಳಿಯದೆ ನಾದಿನಿ ಅಲ್ಲಿಯ ಒಂದು ದೊಡ್ಡ ಸರೋವರದ ಕತೆ ಹೇಳಿದಳು. ಅದರೊಳಗೆ ಏನೋ ಒಂದು ವಾಸವಾಗಿದೆಯಂತೆ. ಯಾವಾಗಲೋ ಒಮ್ಮೆ ತಲೆ ಎತ್ತುತ್ತದಂತೆ. ಅದನ್ನು ಕಾಣಲು ಜನ ದೇಶದೇಶದಿಂದ ಬಂದು ದಡದಲ್ಲಿ ಕಾಯುತ್ತಾರಂತೆ. ಅಂಗಡಿಗಳಲ್ಲೆಲ್ಲ ಅದರ ಬೊಂಬೆಯಂತೆ.

"ಹಂಗಾರೆ ನಾಗನೇ ಸೈ," ಎಂದು ಆಯಿ ಕೈಮುಗಿದಳು. ವೀಸಾ ಬಂದರೆ ನಮ್ಮ ಬಾವಿಕಟ್ಟೆ ಮರದ ಕಾಯಿಯನ್ನು ಆ ಕೆರೆಯ ದಡದಲ್ಲೇ ಒಡೆಸಿ, ಒಂದು ಕಡಿ, ಅಂದರೆ ಅರ್ಧ ಹೋಳು, ದೇವರಿಗೆ ಇಟ್ಟು, ಇನ್ನೊಂದು ಕಡಿಯನ್ನು ಪ್ರಸಾದವೆಂದು ತಂದು ಹಳದೀಪುರದ ನಮ್ಮ ಕೇರಿಗೆಲ್ಲ ಹಂಚುವುದು. ಇದನ್ನು ಮನಸ್ಸಿನಲ್ಲಿ ಹೇಳಿಕೊಂಡಿದ್ದರೆ ಬಚಾವಾಗಬಹುದಿತ್ತು. ಅವಳು ಕೇರಿಗೆಲ್ಲ ಹೇಳಿಕೊಂಡಳು.

ವೀಸಾ ಬಂತು. ಕಾಯಿಯೂ ಹೊರಟಿತು, ಹರಕೆ ಕಾಯಿಗೆ ಇರಬೇಕಾದ ಹಾಗೆ ತಲೆ ಮೇಲೆ ಜುಟ್ಟು ಬಿಟ್ಟುಕೊಂಡು. ಪ್ರಸಾದವಿಲ್ಲದೆ ವಾಪಸು ಬಂದರೆ ಕೇರಿಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ ಎಂಬುದೊಂದೇ ಆಯಿಯ ಚಿಂತೆ. ಕಾಯಿ ಕಳೆದೀತೆಂದು ಅವಳಿಗೆ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಪೆಟ್ಟಿಗೆ ಬಿಚ್ಚಿಸಿ ಕಾಯಿ ಹೊರತೆಗೆದ. ಇದು ಯಾರಿಗೆ ಎಂದು ಕೇಳಿದ.

"ಎಂತ ಕೇಳ್ತಾ ಇದ್ದ?" ಎಂದಳು ಆಯಿ.

"ಯಾರಿಗೆ ಹೇಳಿ ಕೇಳ್ತ."

"ಇದ್ದಿದ್ದು ಇದ್ದಾಂಗೆ ಹೇಳು. ಇದು ಕೆರೆಯಲ್ಲಿ ಇಪ್ಪವಂಗೆ."

ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಕಾಯಿಯನ್ನು ಒಮ್ಮೆ, ನಮ್ಮ ಮೂವರನ್ನು ಒಮ್ಮೆ ನೋಡಿದ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಡುತ್ತ, ನಗದೇ ಹೇಳಿದ: "ಸಿಕ್ಕಿದರೆ ನಾನೂ ಕೇಳಿದೆ ಅಂತ ಹೇಳಿ."

ಪೀಠಿಕೆಯೇ ಮುಗಿಯಲಿಲ್ಲ

ಎಡಿನ್‌ಬರೋದ ಕಲ್ಲು ಹಾಸಿದ ಬೀದಿಯಲ್ಲಿ ಕೋಟೆಯ ಕಡೆಗೆ ಹತ್ತುತ್ತಿದ್ದೆವು. ಕಾಯಿ ಆಯಿಯ ಹೆಗಲ ಚೀಲದಲ್ಲೇ ಇತ್ತು. ದಾರಿ ಬದಿಗೆ ಒಬ್ಬಾತ ಮೊಣಕಾಲ ತನಕದ ಚೌಕುಳಿ ಕಿಲ್ಟ್ ಉಟ್ಟು, ಸೊಂಟಕ್ಕೆ ಕೂದಲಿನ ಚೀಲ ಕಟ್ಟಿ, ಕೆನ್ನೆ ಉಬ್ಬಿಸಿ ಬ್ಯಾಗ್‌ಪೈಪ್ ಊದುತ್ತಿದ್ದ. ಆಯಿಯ ತವರು ಕರ್ಕಿ. ಯಕ್ಷಗಾನದ ಚಂಡೆ ಕೇಳಿಕೊಂಡೇ ಬೆಳೆದವಳು. ಅವಳು ಅಲ್ಲೇ ನಿಂತುಬಿಟ್ಟಳು.

"ವೇಷ ಭರ್ಜರಿ ಇದ್ದು. ಬಣ್ಣ ಒಂದು ಹಚ್ಚಿದ್ನಿಲ್ಲೆ," ಎನ್ನುತ್ತ ಎದುರಿನ ಮೆಟ್ಟಿಲಿಗೆ ಶಾಲು ಹಾಸಿ ಕೂತಳು.

"ಆಯಿ, ಕೋಟೆ ಬಾಗ್ಲು ಹಾಕ್ತ. ಏಳೇ."

"ಕೋಟೆ ಎಲ್ಲಿಗೆ ಓಡ್ತು? ಪೀಠಿಕೆ ಮುಗೀಲಿ, ಪ್ರಸಂಗ ಶುರು ಆಗ್ಲಿ. ಆಟದ ಮಧ್ಯ ಎದ್ದು ಹೋಪದು ಕಲಾವಿದಂಗೆ ಅವಮಾನ."

ಆತ ಊದಿದ. ಇವಳು ಕಾದಳು. ಸೀರೆ ಉಟ್ಟ ಅಜ್ಜಿ ಇಷ್ಟು ಶ್ರದ್ಧೆಯಿಂದ ಕೂತಿದ್ದಾಳೆಂದರೆ ಏನೋ ನಡೆಯಲಿದೆ ಎಂದುಕೊಂಡು ಒಬ್ಬ ಪ್ರವಾಸಿ ಪಕ್ಕದಲ್ಲಿ ಕೂತ. ಅವನನ್ನು ನೋಡಿ ಮತ್ತೊಂದು ಸಂಸಾರ ಕೂತಿತು. ಅರ್ಧ ಬೀದಿ ಕೂತಿತು. ಯಾರೋ ಒಬ್ಬರು ನನ್ನನ್ನೇ, ಶುರುವಾಗುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಕೊನೆಗೆ ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. ಮುಖ ಕೆಂಪಾಗಿತ್ತು. "ನನಗೆ ಬರುವುದೆಲ್ಲ ಎರಡೆರಡು ಸಲ ಮುಗಿಯಿತು," ಎಂದ. "ದಯವಿಟ್ಟು ನಿಮ್ಮ ತಾಯಿಯನ್ನು ಕರೆದುಕೊಂಡು ಹೋಗಿ."

ಕೋಟೆಯ ಬಾಗಿಲು ಮುಚ್ಚಿತ್ತು.

ಬೋಳು ಬೆಟ್ಟದ ಇತಿಹಾಸ

ಸರೋವರಕ್ಕೆ ಹೋಗುವ ಪ್ರವಾಸಿ ಬಸ್ಸು ಬೆಟ್ಟಗಳ ನಡುವೆ ಹೋಗುತ್ತಿತ್ತು. ಎಷ್ಟು ನೋಡಿದರೂ ಹಸಿರು, ಮಂಜು, ಕುರಿ. ನನಗೆ ಸಂತೋಷವೋ ಸಂತೋಷ. ಆಯಿ ಕಿಟಕಿಗೆ ಮೂಗು ಒತ್ತಿ, "ಇಷ್ಟೆಲ್ಲ ಬೆಟ್ಟ ಇದ್ದು, ತೋಟಕ್ಕೆ ಹಾಕಲೆ ಒಂದು ಹೊರೆ ಸೊಪ್ಪಿಲ್ಲೆ. ಯಾರು ಬೋಳಿಸಿದ್ದು ತಮಾ?" ಎಂದು ಮರುಗಿದಳು.

ಅಷ್ಟರಲ್ಲಿ ಚಾಲಕ ಮೈಕು ಹಿಡಿದು ಆ ಬೆಟ್ಟಗಳ ಇತಿಹಾಸ ಶುರುಮಾಡಿದ. ನನಗೆ ಕ್ಲಾಸು ತೆಗೆದುಕೊಳ್ಳುವ ಹುರುಪು ಬಂತು. ಒಂದೇ ಮೂಲದ ಕುಲಗಳು, ಗಡಿಗಾಗಿ ಜಗಳ, ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋದದ್ದು, ಉಂಡ ಮನೆಗೇ ಎರಡು ಬಗೆದದ್ದು, ಎಲ್ಲವನ್ನೂ ಸ್ವಾರಸ್ಯವಾಗಿ ಅನುವಾದಿಸುತ್ತ ಹೋದೆ. ಆಯಿ ಮಧ್ಯದಲ್ಲಿ ಕೈ ಎತ್ತಿದಳು.

"ದಾಯಾದಿಗಳಾ?"

"ಹೌದು, ಒಂಥರಾ ಹಾಂಗೇಯ."

"ಹಂಗಾರೆ ಸಾಕು. ಮುಂದಿಂದೆಲ್ಲ ಗೊತ್ತಿದ್ದು."

ಹೇಳಿ ನಿದ್ದೆ ಹೋದಳು. ಇಪ್ಪತ್ತು ಚಿಲ್ಲರೆ ವರ್ಷ ಇತಿಹಾಸ ಕಲಿಸಿದ್ದೇನೆ, ಅಷ್ಟು ಚುಟುಕಾಗಿ ಹೇಳಲು ನನ್ನಿಂದ ಒಮ್ಮೆಯೂ ಆಗಿಲ್ಲ.

ದರ್ಶನ

ಸರೋವರ ತಲುಪಿದಾಗ ಜಿಟಿಜಿಟಿ ಮಳೆ. ಆಯಿ ದಡದಲ್ಲಿ ಒಂದು ಒಳ್ಳೆಯ ಕಲ್ಲು ಆರಿಸಿದಳು. ಕುಂಕುಮ ಹಚ್ಚಿದಳು. ನನಗೆ ಕಾಯಿ ಕೊಟ್ಟು, "ಒಂದೇ ಪೆಟ್ಟಿಗೆ ಒಡೆಯವು," ಎಂದಳು.

ನಾನು ಕೈ ಎತ್ತಿದೆ. ಮಳೆಯಲ್ಲಿ ನೆನೆದ ಕಾಯಿ ಕೈಯಿಂದ ಜಾರಿತು. ಕಲ್ಲಿನ ಮೇಲೆ ಬಿತ್ತು, ಒಡೆಯಲಿಲ್ಲ. ಉರುಳಿತು. ಬುಳುಂಕೆಂದು ನೀರಿಗೆ ಬಿತ್ತು.

"ಅಯ್ಯೋ! ಯನ್ನ ಪ್ರಸಾದ!" ಎಂದು ಆಯಿ ಅಲ್ಲೇ ಕುಸಿದಳು. ಕೇರಿಗೆಲ್ಲ ಹೇಳಿ ಬಂದಿದ್ದಾಳೆ, ಕಣ್ಣಲ್ಲಿ ನೀರೇ ಬಂತು. ಗಾಳಿಗೆ ಕಾಯಿ ತೇಲುತ್ತ ಮಂಜಿನೊಳಗೆ ಹೋಗಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ನಡುನೀರಿನ ಪ್ರವಾಸಿ ದೋಣಿಯಿಂದ ಯಾರೋ ಕಿರುಚಿದರು. ದೋಣಿಯ ಜನವೆಲ್ಲ ಒಂದೇ ಬದಿಗೆ ಓಡಿ, ದೋಣಿ ವಾಲಿತು. ದಡದ ಮೇಲಿದ್ದವರು ಕ್ಯಾಮೆರಾ ಹಿಡಿದು ಓಡಿದರು. ಅಲೆಗಳ ಮಧ್ಯೆ ಕಂದು ಬಣ್ಣದ ತಲೆಯೊಂದು ಏಳುತ್ತಿತ್ತು, ಮುಳುಗುತ್ತಿತ್ತು. ನೆತ್ತಿಯ ಮೇಲೆ ಜುಟ್ಟು.

"ಎಂತ ಆತು ಕೂಸೇ?" ಎಂದು ಆಯಿ ನನ್ನ ಹೆಂಡತಿಯನ್ನು ಕೇಳಿದಳು.

"ಕಂಡ್ತಡ ಅತ್ತೆ," ಎಂದಳು ಅವಳು, ನನ್ನ ಮುಖ ನೋಡದೆ.

ಆಯಿ ಎದ್ದು ನಿಂತಳು. ಮಳೆಯಲ್ಲೇ ದೀರ್ಘದಂಡ ಹಾಕಿದಳು. ಪಕ್ಕದಲ್ಲಿದ್ದ ಒಬ್ಬಿಬ್ಬರು ಪ್ರವಾಸಿಗರು, ಇಲ್ಲಿಯ ಪದ್ಧತಿಯಿರಬೇಕೆಂದು ತಾವೂ ಮಂಡಿಯೂರಿದರು.

ಅಷ್ಟರಲ್ಲಿ ದೋಣಿಯವನು ಕೊಕ್ಕೆ ಕೋಲಿನಿಂದ ಅದನ್ನು ಎಳೆದು ಮೇಲಕ್ಕೆತ್ತಿದ. ಗದ್ದಲವೆಲ್ಲ ತಣ್ಣಗಾಯಿತು. ದಡಕ್ಕೆ ಬಂದು, ಸೂತಕದ ಮುಖ ಹೊತ್ತು, ಕಾಯಿಯನ್ನು ಜುಟ್ಟು ಹಿಡಿದೆತ್ತಿ, "ಇದು ಯಾರದು?" ಎಂದು ಕೇಳಿದ. ನಾನೂ ಹೆಂಡತಿಯೂ ಎದುರಿನ ಬೆಟ್ಟದ ಸೌಂದರ್ಯ ನೋಡತೊಡಗಿದೆವು.

ಆಯಿ ಮುಂದೆ ಹೋಗಿ ಸೆರಗೊಡ್ಡಿದಳು. ಕಾಯಿಯನ್ನು ಕಣ್ಣಿಗೊತ್ತಿಕೊಂಡು, ಎಲೆಯಡಿಕೆಯ ಕವಳದ ಸಂಚಿಯಿಂದ ಒಂದು ಅಡಿಕೆ ತೆಗೆದು ಅವನ ಕೈಗೆ ದಕ್ಷಿಣೆಯಾಗಿ ಇಟ್ಟಳು. ನಮ್ಮ ಕಡೆ ತಿರುಗಿದಾಗ ಅವಳ ಮುಖ ಬೆಳಗುತ್ತಿತ್ತು.

"ನಮ್ಮೂರ ಭಟ್ರಾದ್ರೆ ಒಂದು ಕಡಿ ಇಟ್ಗತ್ತ. ಇಲ್ಲಿ ನೋಡು ತಮಾ, ಇಡೀ ಕಾಯಿನೇ ವಾಪಸ್ಸು!"

ಊರಿಗೆ ಬಂದ ಮರುದಿನವೇ ಕಾಯಿ ಒಡೆದು, ಚೂರು ಮಾಡಿ, ಕೇರಿಗೆಲ್ಲ ಹಂಚಿದಳು. ಪಕ್ಕದ ಮನೆಯ ಕೊಂಕಣಿ ಅಮ್ಮ ಪ್ರಸಾದ ಬಾಯಿಗೆ ಹಾಕಿಕೊಂಡು, "ದೇವ್ರು ಕಂಡ್ರಂತಲ್ಲ ಅಮ್ಮಾ, ನೋಡ್ಲಿಕ್ಕೆ ಹ್ಯಾಂಗಿದ್ರು?" ಎಂದು ಕೇಳಿದರು.

ಆಯಿ ಕಣ್ಣು ಮುಚ್ಚಿ, ಆ ದರ್ಶನವನ್ನು ಮತ್ತೊಮ್ಮೆ ಮನಸ್ಸಿಗೆ ತಂದುಕೊಂಡಳು.

"ಎಂತ ಹೇಳ್ಲಿ? ತಲೆ ಮಾತ್ರ ಕಂಡ್ತು. ಸುಳ್ಳು ಹೇಳ್ತಿಲ್ಲೆ, ಥೇಟು ನಮ್ಮ ಬಾವಿಕಟ್ಟೆ ಮರದ ಕಾಯಿ ಹಾಂಗೇ ಇತ್ತು!"