‘ಚಿತ್ರ, ಚಿತ್ರ, ನಗುವ ಮುಖ’: ನಮ್ಮ ಕಟ್ಟಡದ ಕಾರ್ಯದರ್ಶಿಗಳಿಗೆ

ಮಾನ್ಯರೇ,

ನಾಲ್ಕನೇ ಅಂತಸ್ತಿನ ಹಿರಿಯಳಾದ ನಾನು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳಾದ ತಮಗೂ, ತಮ್ಮ ಹೊಸ ಫೋನಿಗೂ, ಅದರೊಳಗೆ ವಾಸವಾಗಿರುವ ನಗುವ ಮುಖಗಳ ಸಮಸ್ತ ಸಂಸಾರಕ್ಕೂ ಗೌರವಪೂರ್ವಕ ನಮಸ್ಕಾರಗಳನ್ನು ತಿಳಿಸುತ್ತೇನೆ.

ನಾನು ಯಾರೆಂದು ತಮಗೆ ಗೊತ್ತು. ಬಹಿರಂಗ ಪತ್ರವಾದ್ದರಿಂದ ಉಳಿದವರಿಗೂ ಹೇಳಿಬಿಡುತ್ತೇನೆ. ಈ ಕಟ್ಟಡಕ್ಕೆ ಲಿಫ್ಟ್ ಬರುವ ಮೊದಲೇ ಬಂದವಳು ನಾನು. ಹೈಸ್ಕೂಲನ್ನು ಒಂದೇ ಏಟಿಗೆ ಮುಗಿಸಿದವಳು. ಮೂವರು ಗಂಡುಮಕ್ಕಳಲ್ಲಿ ಇಬ್ಬರನ್ನು ದಾರಿಗೆ ತಂದಿದ್ದೇನೆ, ಮೂರನೆಯವನ ಕೆಲಸ ಇನ್ನೂ ನಡೆಯುತ್ತಿದೆ. ನೆಲ ಅಂತಸ್ತಿನಲ್ಲಿ ಮೆಟ್ಟಿಲ ಪಕ್ಕದ ಕೋಣೆಯನ್ನು ಸಂಘವೇ ನನಗೆ ಬಿಟ್ಟುಕೊಟ್ಟಿದೆ. ಅಲ್ಲಿ ನಾನೂ ನನ್ನ ಓರಗಿತ್ತಿಯೂ ಆಸ್ಪತ್ರೆಗಳಿಗೆ ಏಪ್ರನ್ ಹೊಲಿದು ಕೊಡುತ್ತೇವೆ. ಇತ್ತೀಚೆಗೆ ನನ್ನ ಕಣ್ಣು ನನ್ನ ಮಾತು ಕೇಳುವುದನ್ನು ಪೂರ್ತಿ ಬಿಟ್ಟಿದೆ. ನಮ್ಮ ಮನೆಯಲ್ಲಿ ನನ್ನ ಮಾತು ಕೇಳದಿರುವ ಧೈರ್ಯ ಅದಕ್ಕೊಂದಕ್ಕೇ ಇರುವುದು. ಬೆರಳು ಮಾತ್ರ ಈಗಲೂ ಕೇಳುತ್ತದೆ: ರಟ್ಟಿನ ಅಚ್ಚನ್ನು ಬಟ್ಟೆಯ ಮೇಲಿಟ್ಟು, ಅಂಚಿಗೆ ಗುಂಡುಸೂಜಿ ಚುಚ್ಚಿ, ಎಡಗೈ ಹೆಬ್ಬೆರಳನ್ನು ಮುಂದೆ ಕಳಿಸಿ ಕತ್ತರಿಯನ್ನು ಅದರ ಹಿಂದೆ ನಡೆಸಿದರೆ ನನ್ನ ಏಪ್ರನ್ ಇವತ್ತಿಗೂ ಒಂದೆಳೆ ಆಚೀಚೆ ಆಗುವುದಿಲ್ಲ.

ಓದುವ ಕೆಲಸಕ್ಕೆ ನನ್ನ ಫೋನಿನಲ್ಲೊಂದು ದನಿಯಿದೆ. ಅಕ್ಷರ ಕಂಡರೆ ಗಟ್ಟಿಯಾಗಿ ಓದುತ್ತದೆ, ಕಾಣದ್ದನ್ನು ಕಂಡೆ ಎನ್ನುವುದಿಲ್ಲ. ಈ ಗುಣ ನಮ್ಮ ಸಂಘದ ಸಭೆಗಳಲ್ಲಿ ಅಪರೂಪವಾದ್ದರಿಂದ ನನಗೆ ಅದರ ಮೇಲೆ ಬಹಳ ಮರ್ಯಾದೆ. ಅಂಥ ದನಿ ಹೋದ ವಾರ ತಮ್ಮ ಪ್ರಕಟಣೆಯನ್ನು ತೆರೆದು, ಗಂಟಲು ಸರಿಪಡಿಸಿಕೊಂಡಂತೆ ಒಂದು ಕ್ಷಣ ತಡೆದು, ನನಗೆ ಓದಿ ಹೇಳಿದ್ದು ಇಷ್ಟು: “ಚಿತ್ರ. ಚಿತ್ರ. ಹೆಸರಿಲ್ಲದ ಚಿತ್ರ. ನೋಡಿ, ಒತ್ತಿ, ಆನಂದಿಸಿ. ಸರಿ ಗುರುತು. ತಪ್ಪು ಗುರುತು. ನಗುವ ಮುಖ. ನಗುವ ಮುಖ. ನಕ್ಕು ನಕ್ಕು ಕಣ್ಣೀರು ಬಂದ ಮುಖ.”

ನಮ್ಮ ಕಟ್ಟಡದ ಪದ್ಧತಿ ತಮಗೆ ತಿಳಿಯದ್ದೇನಲ್ಲ. ನೀರಿನ ತೊಟ್ಟಿ ತೊಳೆಯುವ ಸುದ್ದಿಯಿರಲಿ, ಗೇಟಿಗೆ ಬಣ್ಣ ಬಳಿಯುವ ಸುದ್ದಿಯಿರಲಿ, ತಲುಪಿತು ಎಂದು ತಿಳಿಸಲು ಎಲ್ಲರೂ ಸರಿ ಗುರುತನ್ನು ಒತ್ತುತ್ತೇವೆ. ಇಷ್ಟೊಂದು ಮುಖಗಳು ನಗುತ್ತಿರುವಾಗ ಯಾರದೋ ಮನೆಯಲ್ಲಿ ಒಳ್ಳೆಯದಾಗಿರಬೇಕೆಂದು ಭಾವಿಸಿ ನಾನೂ ಒತ್ತಿದೆ. ಸಾಲದ್ದಕ್ಕೆ ‘ದೇವರು ಒಳ್ಳೆಯದು ಮಾಡಲಿ, ಬೇಗ ಆಗಲಿ’ ಎಂದು ಬಾಯಲ್ಲೇ ಹೇಳಿ ಬರೆಸಿಯೂ ಕಳಿಸಿದೆ.

ಬೇಗವೇ ಆಯಿತು. ಮರುದಿನ ಬೆಳಿಗ್ಗೆ ನಾನು ಏಪ್ರನ್ನಿನ ಜೇಬು ಕತ್ತರಿಸುತ್ತಿರುವಾಗ ನಾಲ್ಕು ಜನ ಟೇಬಲ್ ಟೆನಿಸ್ ಮೇಜೊಂದನ್ನು ಹೊತ್ತು ತಂದು ನನ್ನ ಹೊಲಿಗೆ ಕೋಣೆಯೊಳಗೆ ಇಳಿಸಿದರು. ಫೋನ್ ಮಾಡಿದ ಕೂಡಲೇ, ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್ ಆಗಿರುವ ನನ್ನ ಸೊಸೆ, ರೋಗಿಗಳನ್ನು ಬಾಯಿ ತೆರೆದ ಸ್ಥಿತಿಯಲ್ಲೇ ಬಿಟ್ಟು ಓಡಿಬಂದಳು. ತಮ್ಮ ಪ್ರಕಟಣೆಯನ್ನು ನೋಡಿ, “ಅತ್ತೆ, ಇದು ಮತದಾನ! ನಕ್ಷೇಲಿ ಕೆಂಪು ಬಣ್ಣ ಹಚ್ಚಿರೋ ಕೋಣೆ ಆಟಕ್ಕೆ ಕೊಡೋಣ್ವಾ ಅಂತ ಕೇಳಿದ್ದಾರೆ. ಕೆಂಪಿರೋದು ನಿಮ್ಮ ಕೋಣೆ. ನೀವೇ ಒಪ್ಪಿದ್ದೀರಿ, ಆಶೀರ್ವಾದಾನೂ ಮಾಡಿದ್ದೀರಿ!” ಎಂದಳು. ಓರಗಿತ್ತಿ ಮಶೀನಿನ ಚಕ್ರ ನಿಲ್ಲಿಸದೆಯೇ, “ಕೊಟ್ಟೋರು ಕೋಡಂಗಿ ಅಂತ ಕೇಳಿದ್ದೆ ಅಕ್ಕ, ಹರಸಿ ಕೊಟ್ಟೋರನ್ನ ಇವತ್ತೇ ನೋಡಿದ್ದು” ಎಂದಳು. ಅವಳು ಮಾತಾಡಲಿ ಎಂದು ನಾನು ಎಂದೂ ಕೇಳಿದವಳಲ್ಲ.

ಆಮೇಲೆ ಸೊಸೆ ತಮ್ಮ ಕಾರ್ಯವಿಧಾನವನ್ನು ವಿವರಿಸಿದಾಗ ನಾನು ಮೂಕವಿಸ್ಮಿತಳಾದೆ. ತಾವು ವಿಷಯವನ್ನು ಮೊದಲು ಅಕ್ಷರದಲ್ಲಿ ಟೈಪು ಮಾಡಿ, ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು, ಆ ಫೋಟೊವನ್ನು ಪ್ರಕಟಣೆಗೆ ಅಂಟಿಸುತ್ತೀರಂತೆ! ಅಂಗಿ ಹೊಲಿದು, ಹೊಲಿಗೆ ಬಿಚ್ಚಿ, ನೂಲನ್ನೆಲ್ಲ ಉಂಡೆ ಕಟ್ಟಿ ಡಬ್ಬಿಯಲ್ಲಿಟ್ಟು, ‘ಅಂಗಿ ಕಳಿಸಿದ್ದೇನೆ, ತೊಟ್ಟುಕೊಳ್ಳಿ’ ಎನ್ನುವ ದರ್ಜಿಯನ್ನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ತಮ್ಮಿಂದ ಆ ಭಾಗ್ಯವೂ ದೊರೆಯಿತು.

ಇಂಥ ಶ್ರಮಜೀವಿಗಳ ಮುಂದೆ ನನ್ನ ಬೇಡಿಕೆಗಳು ಅತಿ ಸಣ್ಣವು. ಇನ್ನು ಮೇಲೆ ಪ್ರತಿ ಚಿತ್ರದ ಜೊತೆ ತಾವೇ ಖುದ್ದಾಗಿ ನಾಲ್ಕನೇ ಅಂತಸ್ತಿಗೆ ಬಂದು, ನನ್ನ ಬಾಗಿಲಲ್ಲಿ ನಿಂತು, ಚಿತ್ರದಲ್ಲೇನಿದೆಯೆಂದು ಅಭಿನಯಸಹಿತ ವರ್ಣಿಸಬೇಕು. ನಗುವ ಮುಖಗಳು ಗೇಟಿನ ಕಾವಲುಗಾರನ ಹತ್ತಿರ ಹೆಸರು ಬರೆಸಿ, ಯಾರ ಮನೆಗೆ, ಏನು ಕಾರಣಕ್ಕೆ ನಗಲು ಬಂದಿದ್ದೇವೆ ಎಂದು ಹೇಳಿಯೇ ಒಳಗೆ ಬರಬೇಕು. ಆ ಕಣ್ಣೀರು ಬಂದ ಮುಖ ನಕ್ಕದ್ದು ಯಾರನ್ನು ಎಂದು ಸಂಘ ವಿಚಾರಣೆ ನಡೆಸಬೇಕು. ಕೆಂಪು ಬಣ್ಣಕ್ಕೆ, ‘ನಾನು ಕೆಂಪು’ ಎಂದು ಕೂಗಿ ಹೇಳುವ ಅಭ್ಯಾಸ ಮಾಡಿಸಬೇಕು.

ಇವೆಲ್ಲ ತಮಗೆ ಕಷ್ಟವೆನಿಸಿದರೆ ಒಂದು ಸುಲಭದ ದಾರಿಯೂ ಇದೆ, ಸೊಸೆ ತೋರಿಸಿಕೊಟ್ಟಳು. ಪ್ರತಿ ಚಿತ್ರದ ಬೆನ್ನಿಗೂ ಒಂದು ಪುಟ್ಟ ಖಾನೆಯಿರುತ್ತದಂತೆ; ಅಂಗಿಯ ಒಳಜೇಬಿನ ಹಾಗೆ, ನೋಡುವವರಿಗೆ ಕಾಣದು. ಚಿತ್ರದಲ್ಲೇನಿದೆ ಎಂದು ಅದರಲ್ಲಿ ಒಂದು ಸಾಲು ಬರೆದರೆ ಸಾಕು, ನನ್ನ ದನಿ ‘ಚಿತ್ರ’ ಎಂದು ಪೇಚಾಡುವ ಬದಲು ಆ ಸಾಲನ್ನು ಓದುತ್ತದೆ. ತಮ್ಮ ಗುರುತುಗಳ ಒಳಜೇಬಿನಲ್ಲಿ ಬರೀ ಹೆಸರಿತ್ತು, ಚಿತ್ರಗಳದ್ದು ಪೂರ್ತಿ ಖಾಲಿ. ಖಾಲಿ ಜೇಬು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪ್ರಕಟಣೆಯನ್ನು ಯಾರು ಬೇಕಾದರೂ ತಿದ್ದುವಂತೆ ತಾವು ತೆರೆದೇ ಇಟ್ಟಿದ್ದೀರಿ. ಇದು ತಮ್ಮ ವಿಶಾಲ ಹೃದಯವೋ, ಮುಚ್ಚುವುದು ಹೇಗೆಂದು ತಿಳಿಯದಿರುವುದೋ, ನಾನು ಕೆದಕುವುದಿಲ್ಲ.

ಮತದಾನ ಮುಗಿಯಲು ಇನ್ನೂ ಸಮಯವಿತ್ತು. ಮೇಜು ಮಾತ್ರ ಅವಸರದಲ್ಲಿತ್ತು. ನಾನು ಹೇಳುತ್ತಾ ಹೋದೆ, ಸೊಸೆ ತುಂಬುತ್ತಾ ಹೋದಳು. ನಕ್ಷೆಯ ಜೇಬಿಗೆ: ‘ನೆಲ ಅಂತಸ್ತಿನ ನಕ್ಷೆ. ಕೆಂಪು ಹಚ್ಚಿರುವುದು ಹೊಲಿಗೆ ಕೋಣೆಗೆ. ಒಳಗೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಿದ್ದಾರೆ.’ ಸರಿ ಗುರುತಿನ ಜೇಬಿಗೆ: ‘ಇದನ್ನು ಒತ್ತಿದರೆ ಕೋಣೆ ಆಟಕ್ಕೆ ಹೋಗುತ್ತದೆ.’ ತಪ್ಪು ಗುರುತಿನ ಜೇಬಿಗೆ: ‘ಇದನ್ನು ಒತ್ತಿದರೆ ಹೊಲಿಗೆ ಉಳಿಯುತ್ತದೆ.’ ಒಂದಕ್ಷರ ಸುಳ್ಳಿಲ್ಲ. ಎಲ್ಲವನ್ನೂ ತುಂಬಿ, ಕೇಳಿ ಓದುವವರು ಇನ್ನೊಮ್ಮೆ ತೆರೆದು ಕೇಳಿರೆಂದು ಮನೆಮನೆಗೆ ಸುದ್ದಿ ಮುಟ್ಟಿಸಿದೆ.

ಆಗ ತಿಳಿಯಿತು, ಈ ಕಟ್ಟಡದಲ್ಲಿ ಕಿವಿಯಿಂದ ಓದುವವಳು ನಾನೊಬ್ಬಳೇ ಅಲ್ಲವೆಂದು. ಮೊದಲ ಅಂತಸ್ತಿನ ಸಂಗೀತ ಮೇಷ್ಟ್ರು, ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ಹಟ ಹಿಡಿದಿರುವ ಎರಡನೇ ಅಂತಸ್ತಿನ ದಂಪತಿ, ಗಾಡಿ ಓಡಿಸುತ್ತಲೇ ಫೋನಿಗೆ ಕಿವಿಗೊಡುವ ಮೂರನೇ ಅಂತಸ್ತಿನ ಬ್ರೆಡ್ ವ್ಯಾನಿನವನು, ಎಲ್ಲರೂ ನನ್ನಂತೆಯೇ ಸರಿ ಗುರುತನ್ನು ಒತ್ತಿ ಹರಸಿದ್ದರಂತೆ. ಮೇಷ್ಟ್ರು ಫೋನ್ ಮಾಡಿ, “ಅಮ್ಮಾ, ಯಾರಿಗೋ ಮದುವೆ ಗೊತ್ತಾಯ್ತು ಅಂದ್ಕೊಂಡಿದ್ದೆ. ನಿಮ್ಮನ್ನ ಹೊರಗೆ ಹಾಕೋಕೆ ಕೈ ಜೋಡಿಸಿದ್ನಾ!” ಎಂದು ಅತ್ತೇಬಿಟ್ಟರು. ಅವರೆಲ್ಲರೂ ನಾನೂ ಒತ್ತಿದ ಗುರುತನ್ನು ಬದಲಿಸಿದೆವು. ಪ್ರಸ್ತಾಪ ಬಿದ್ದುಹೋಯಿತು. ತಮಗೆ ಕಣ್ಣಿರುವುದರಿಂದ ಫಲಿತಾಂಶವನ್ನು ಈಗಾಗಲೇ ನೋಡಿಕೊಂಡಿರುತ್ತೀರಿ.

ಇನ್ನುಳಿದದ್ದು ಮೇಜಿನ ವಿಷಯ. ಹೊತ್ತು ತಂದವರು ಮತ್ತೆ ಬರಲಿಲ್ಲ, ತಾವೂ ಬರಲಿಲ್ಲ. ಆದ್ದರಿಂದ ನಾನೇ ತೀರ್ಮಾನಿಸಿದೆ, ತೀರ್ಮಾನಿಸಿದ್ದನ್ನು ನಡೆಸಿಯೂ ಆಯಿತು. ಅಷ್ಟು ಅಗಲದ, ಅಷ್ಟು ನುಣುಪಾದ, ಅಷ್ಟು ಸರಿಯಾದ ಎತ್ತರದ ಕತ್ತರಿಸುವ ಮೇಜು ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಬಲೆಗೆ ಗುಂಡುಸೂಜಿಗಳನ್ನು ಸಿಕ್ಕಿಸಿಟ್ಟಿದ್ದೇನೆ. ಬಲೆಯ ಆಚೆ ಏಪ್ರನ್, ಈಚೆ ಜೇಬು. ಇದನ್ನು ಬರೆಸುವ ಹೊತ್ತಿಗೆ ಮೊದಲ ಥಾನು ಬಟ್ಟೆ ಕತ್ತರಿಸಿ ಮುಗಿದಿದೆ.

ತಮ್ಮ ವಿಶ್ವಾಸಿ,
ಕತ್ತರಿ ಇನ್ನೂ ಕೈಯಲ್ಲೇ ಇರುವ
ನಾಲ್ಕನೇ ಅಂತಸ್ತಿನ ಹಿರಿಯಳು

ಮರೆತ ಮಾತು: ಪ್ರಕಟಣೆಯ ನೆತ್ತಿಯ ಮೇಲೆ ತಾವು ಸೂಟು ತೊಟ್ಟು ನಿಂತ ಫೋಟೊ ಇದೆಯಲ್ಲ, ಅದರ ಒಳಜೇಬನ್ನೂ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಕೇಳಿದವರೆಲ್ಲ ಬಹಳ ಮೆಚ್ಚಿಕೊಂಡಿದ್ದಾರೆ. ಸಂಗೀತ ಮೇಷ್ಟ್ರು ಅದಕ್ಕೊಂದು ರಾಗವನ್ನೂ ಹಾಕಿದ್ದಾರೆ. ತಾವು ಎಷ್ಟು ದಿಟ್ಟಿಸಿ ನೋಡಿದರೂ ಅದು ಕಾಣುವುದಿಲ್ಲ. ದಯವಿಟ್ಟು ಕಣ್ಣು ಮುಚ್ಚಿಕೊಂಡು ಕೇಳಿ.