ಬಲಪಂಕ್ತಿಗೆ ಮೂರು ಸಲ ಪಾಯಸ

…ಅಥವಾ ಅದು ನವಿಲೇ ಅಲ್ಲದಿರಬಹುದು. ತೋಡಾರಿನ ತಿರುವಿನಲ್ಲಿ ನನ್ನ ಸ್ಕೂಟರಿಗೆ ಅಡ್ಡ ಬಂದದ್ದು ನವಿಲು ಎಂದು ನನ್ನನ್ನು ಎತ್ತಿದ ರಿಕ್ಷಾದವನು ಹೇಳಿದ್ದಾನೆ. ನಾಯಿ ಎಂದು ನನ್ನ ಹೆಂಡತಿ ವಿಮಲಾ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ. ನಾನು ಇದ್ದೆ, ಆದರೆ ನನಗೆ ನೆನಪಿಲ್ಲ. ಹಾಗಾಗಿ ನವಿಲನ್ನೇ ಆಯ್ದುಕೊಂಡಿದ್ದೇನೆ. ತಲೆ ಒಡೆದುಕೊಳ್ಳುವುದೇ ಆದರೆ ರಾಷ್ಟ್ರಪಕ್ಷಿಗಾಗಿ ಒಡೆದುಕೊಳ್ಳಬೇಕು!

ಮುಂದಿನದ್ದರಲ್ಲಿಯೂ ಅರ್ಧ ನನ್ನ ನೆನಪು, ಅರ್ಧ ವಿಮಲಾಳ ತಿದ್ದುಪಡಿ. ಯಾವುದು ಯಾವ ಅರ್ಧ ಎಂದು ಕೇಳಬೇಡಿ.

ನಾನು ಬಂಟ್ವಾಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ನರಿಕೊಂಬಿನಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಗ್ಗಿ ಬರುತ್ತಿತ್ತು, ನಡಿಗೆ ಸ್ವಲ್ಪ ತೂರಾಡಿದರೂ ಕಾಲು ನನ್ನದೇ ಆಗಿತ್ತು. ಕಳೆದುಹೋಗಿದ್ದು ಒಂದೇ: ಎಡಗಡೆ. ಕಣ್ಣಿಗೇನೂ ಆಗಿರಲಿಲ್ಲ. ಎಡಕ್ಕೂ ಒಂದು ಜಗತ್ತು ಇದೆ ಎಂಬ ವಿಷಯವನ್ನೇ ಮೆದುಳು ಕೈಬಿಟ್ಟಿತ್ತು. ಬಲಗೆನ್ನೆಯನ್ನು ಮಾತ್ರ ಕ್ಷೌರ ಮಾಡಿಕೊಂಡು ಗಂಭೀರವಾಗಿ ಪೇಟೆಗೆ ಹೊರಡುತ್ತಿದ್ದೆ. ತಟ್ಟೆಯ ಬಲ ಅರ್ಧ ಉಂಡು, "ಇವತ್ತು ಪಲ್ಯ ಮಾಡ್ಲಿಲ್ವಾ?" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ವಿಮಲಾ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದಳು. ಪಲ್ಯ ಪ್ರತ್ಯಕ್ಷ!

ಚಿಕಿತ್ಸೆಗೆ ಮೂಡುಬಿದಿರೆಯ ಒಂದು ಪುನರ್ವಸತಿ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ ನನ್ನ ಒಂದು ತಲೆಗೆ ನಾಲ್ಕು ಜನ. ನಡಿಗೆ, ತೂಕ, ಬೆನ್ನು ನೋಡಲು ಒಬ್ಬ ಫಿಸಿಯೋ. ಮಾತು ತಡವರಿಸದಂತೆ ನೋಡಲು ಒಬ್ಬರು ಸ್ಪೀಚ್ ಥೆರಪಿಸ್ಟ್. ನನ್ನ ಸಿಟ್ಟಿಗೆ ಒಬ್ಬರು ಮನಶ್ಶಾಸ್ತ್ರಜ್ಞೆ. ನಾಲ್ಕನೆಯವಳು ಅಕ್ಷತಾ, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್. ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಮೊದಲ ದಿನ ಗಡಿಯಾರ ಬಿಡಿಸಲು ಹೇಳಿದಳು. ಗಣಿತದ ಮೇಷ್ಟ್ರಿಗೆ ಗಡಿಯಾರ! ಅವಮಾನ ನುಂಗಿಕೊಂಡು ಬಿಡಿಸಿದೆ. ಹನ್ನೆರಡೂ ಅಂಕೆಗಳು ಬಲಗಡೆಯ ಅರ್ಧದಲ್ಲೇ ಬಸ್ಸಿನೊಳಗಿನ ಜನರಂತೆ ನಿಂತಿದ್ದವಂತೆ. ನನಗೆ ಆ ಗಡಿಯಾರ ಸರಿಯಾಗಿಯೇ ಕಂಡಿತ್ತು.

ನನಗೆ ಬೇಕಾಗಿದ್ದದ್ದು ಒಂದು ಪತ್ರ. "ಇವರು ಪಾಠ ಮಾಡಬಹುದು" ಎಂದು ಈ ನಾಲ್ವರು ಬರೆದುಕೊಟ್ಟರೆ ಜೂನ್‌ನಲ್ಲಿ ಶಾಲೆ. ಇಲ್ಲದಿದ್ದರೆ ಜಗಲಿ.

"ಕೊಡುವ ಸರ್," ಎಂದಳು ಅಕ್ಷತಾ. "ಆದ್ರೆ ಎಡಗಡೆ ಬೆಂಚಿನ ಮಕ್ಕಳು ಎಂತ ಮಾಡ್ಬೇಕು? ಕೈ ಎತ್ತಿಕೊಂಡೇ ಇರ್ಬೇಕಾ?"

ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಇಪ್ಪತ್ತೈದು ವರ್ಷಗಳಿಂದ ನೆಂಟರಿಷ್ಟರ ಊಟಗಳಲ್ಲಿ ಬಡಿಸುವುದರಲ್ಲಿ ನನ್ನ ಹೆಸರು ದೊಡ್ಡದು. ಬೆಳ್ತಂಗಡಿಯಲ್ಲಿ ಅಕ್ಕನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಹತ್ತಿರವಿತ್ತು. "ಊಟದ ಪಂಕ್ತಿ ಅಂದ್ರೆ ಎಂತ? ಎದುರುಬದುರು ಎರಡು ಸಾಲು. ಕ್ಲಾಸೂ ಅದೇ! ಅಲ್ಲಿ ಬಡಿಸಿ ತೋರಿಸ್ತೇನೆ. ನೀವೆಲ್ಲ ಬಂದು ನೋಡಿ. ಸರಿ ಬಡಿಸಿದ್ರೆ ಪತ್ರ."

ನಗುತ್ತಾರೆ ಎಂದುಕೊಂಡಿದ್ದೆ. ನಾಲ್ವರೂ ಸಭೆ ಸೇರಿದರು!

ಯಾವ ಪದಾರ್ಥ ಎಂಬುದರ ಮೇಲೆ ವಾದ ನಡೆಯಿತು. ಫಿಸಿಯೋ, "ಉಪ್ಪು ಕೊಡುವ, ಭಾರ ಇಲ್ಲ" ಎಂದ. ನಾನು ಕೆರಳಿದೆ. ಉಪ್ಪು ಬಡಿಸುವುದು ಮಕ್ಕಳಿಗೆ ಕೊಡುವ ಕೆಲಸ! ಕೊನೆಗೆ ತಣ್ಣಗಾದ ಪಾಯಸ, ಅರ್ಧ ಬಕೆಟ್ ಎಂದು ತೀರ್ಮಾನವಾಯಿತು. ಮೂರು ವಾರ ತಾಲೀಮು. ಬೆಂಚುಗಳನ್ನು ಎರಡು ಸಾಲು ಮಾಡಿ, ಕಾಗದದ ತಟ್ಟೆ ಇಟ್ಟು, ಬೇರೆ ರೋಗಿಗಳನ್ನು ಕೂರಿಸಿ, ಪಾಯಸದ ಬದಲು ನೀರು. ಹೇಗೆ ಬಗ್ಗಬೇಕೆಂದು ಫಿಸಿಯೋ, "ಪಾಯಸ, ಪಾಯಸ" ಎಂದು ಎಷ್ಟು ಸ್ಪಷ್ಟವಾಗಿ ಕರೆಯಬೇಕೆಂದು ಸ್ಪೀಚಿನವರು, ಯಾರಾದರೂ ಗದರಿದರೆ ಎಷ್ಟು ಉಸಿರು ಎಳೆಯಬೇಕೆಂದು ಮನಶ್ಶಾಸ್ತ್ರಜ್ಞೆ. ಅಕ್ಷತಾ ನನ್ನ ಎಡಗೈಗೆ ಕೆಂಪು ಪಟ್ಟಿ ಕಟ್ಟಿದಳು. "ಪ್ರತಿ ಎಲೆಗೂ ಮೊದಲು ಈ ಪಟ್ಟಿ ಹುಡುಕ್ಬೇಕು ಸರ್. ಅದು ಕಂಡ ಮೇಲೆಯೇ ಸೌಟು." ಒಂದು ಸೌಟು ಪಾಯಸದ ಹಿಂದೆ ಇಷ್ಟು ವಿದ್ಯೆ ಇದೆ ಎಂದು ಇಪ್ಪತ್ತೈದು ವರ್ಷ ಬಡಿಸಿದ ನನಗೆ ಗೊತ್ತಿರಲಿಲ್ಲ.

ಆದರೆ ನಾನು ಗಣಿತದವನು. ಪಟ್ಟಿಗಿಂತ ಸುಲಭದ ದಾರಿ ಗುಟ್ಟಾಗಿ ಕಂಡುಹಿಡಿದಿದ್ದೆ. ಹೋಗುವಾಗ ಬಲಗಡೆಯ ಸಾಲಿಗೆ ಬಡಿಸುವುದು. ತುದಿಯಲ್ಲಿ ತಿರುಗಿ ಬರುವಾಗ ಆಚೆಯ ಸಾಲೂ ಬಲಕ್ಕೇ ಬರುತ್ತದೆ! ಎಡಗಡೆ ಎಂಬುದರ ಅಗತ್ಯವೇ ಇಲ್ಲ ಎಂದು ಸಾಧಿಸಲಾಯಿತು.

ಒಕ್ಕಲಿನ ದಿನ ಮೂರು ಜನ ನನ್ನ ಕೈಪಟ್ಟಿ ನೋಡಿ, "ಯಾವ ದೇವಸ್ಥಾನದ್ದು?" ಎಂದು ಕೇಳಿದರು. ಬಿಚ್ಚಿ ಜೇಬಿಗೆ ಹಾಕಿದೆ. ಪಾಯಸದ ಬಕೆಟ್ ಎತ್ತಿಕೊಂಡೆ.

ಚಪ್ಪರದಲ್ಲಿ ನೂಕುನುಗ್ಗಲು ಆಗಬಾರದೆಂದು ನನ್ನ ಭಾವ ಏಕಮುಖ ಸಂಚಾರ ಮಾಡಿಸಿದ್ದಾರೆ ಎಂಬುದು ನನಗೆ ತಿಳಿದಿರಲಿಲ್ಲ. ಬಡಿಸುವವರು ಅಂಗಳದ ಕಡೆಯಿಂದ ಒಳಬಂದು, ತುದಿಯಲ್ಲಿ ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದು, ಮನೆ ಸುತ್ತಿ ಮತ್ತೆ ಅಂಗಳದಿಂದಲೇ ಬರಬೇಕು. ಬಲಗಡೆಯ ಸಾಲಿಗೆ ಬಡಿಸುತ್ತಾ ತುದಿಗೆ ಹೋದೆ. ತಿರುಗುವ ಮೊದಲೇ ಅನ್ನದ ಬುಟ್ಟಿಯವರು ನನ್ನನ್ನು ಬಾಗಿಲಿನಿಂದ ಆಚೆ ತಳ್ಳಿದರು. ಸುತ್ತಿ ಬಂದೆ. ಬಲಗಡೆ ಒಂದು ಸಾಲು ಕಂಡಿತು. ಇದೇ ಆಚೆಯ ಸಾಲು ಎಂದುಕೊಂಡು ಬಡಿಸಿದೆ. ಯಾಕೋ ಮುಖಗಳು ಪರಿಚಿತ ಅನ್ನಿಸಿದವು. ನೆಂಟರಲ್ಲವೇ! ಮತ್ತೆ ಸುತ್ತಿದೆ.

ಮೂರನೆಯ ಸುತ್ತಿಗೆ ಭಾವನ ಚಿಕ್ಕಪ್ಪ ಎರಡೂ ಕೈಗಳಿಂದ ಎಲೆ ಮುಚ್ಚಿದರು. "ಸಾಕು ಮಾರಾಯಾ! ನನಗೆ ಶುಗರ್ ಉಂಟು!"

ನಮ್ಮ ಕಡೆ ಸಾಕು ಎಂದವರಿಗೆ ಬಿಡದೆ ಬಡಿಸುವುದೇ ಮರ್ಯಾದೆ. ಕೈಯ ಮೇಲೆಯೇ ಬಡಿಸಿದೆ.

ಅಡುಗೆಮನೆಯ ಬಾಗಿಲಲ್ಲಿ ವಿಮಲಾ ಸಿಕ್ಕಿದಳು. "ನೋಡು, ನಾಲ್ಕೂ ಜನರನ್ನು ಕರೆದಿದ್ದೆ, ಒಬ್ಬರಾದ್ರೂ ಬಂದ್ರಾ? ಈಗಿನವರಿಗೆ ಮರ್ಯಾದೆಯೇ ಇಲ್ಲ!" ಎಂದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಭಾವ ಬಂದರು.

"ಎಡದ ಸಾಲಿನವರು ಎಂತ ಪಾಪ ಮಾಡಿದ್ದಾರೆ ಮಾರಾಯಾ?"

"ಯಾವ ಎಡದ ಸಾಲು?"

ವಿಮಲಾ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದಳು. ಇಪ್ಪತ್ತು ಎಲೆಗಳು. ನಟ್ಟನಡುವೆ ಸಾಲಾಗಿ ನನ್ನ ನಾಲ್ವರೂ ಥೆರಪಿಸ್ಟರು! ಫಿಸಿಯೋ ಮೆಲ್ಲನೆ ಕೈ ಬೀಸಿದ.

"ಬಕೆಟ್ ಇಲ್ಲಿ ಕೊಡು," ಎಂದು ಭಾವ ಕೈ ಚಾಚಿದರು. ಕೊಟ್ಟುಬಿಡುತ್ತಿದ್ದೆ. ಪತ್ರ ಹೋಯಿತು, ಶಾಲೆ ಹೋಯಿತು, ಪಾಯಸ ಯಾರಿಗೆ ಬೇಕು?

ಅಕ್ಷತಾ ಎಲೆ ಬಿಟ್ಟು ಎದ್ದಳು. ಊಟದ ನಡುವೆ ಏಳುವ ಕ್ರಮವಿಲ್ಲ. ಎದ್ದಳು. "ಬೇಡ. ಅವರೇ ಬಡಿಸ್ಲಿ. ನಾವು ಕಾಯ್ತೇವೆ. ಪಟ್ಟಿ ಎಲ್ಲುಂಟು ಸರ್?" ಜೇಬು ತೋರಿಸಿದೆ. ಬಲಗೈ ಎಂಜಲಾದ್ದರಿಂದ ಎಡಗೈ ಒಂದರಲ್ಲೇ ಕಟ್ಟಲು ನೋಡಿದಳು, ಆಗಲಿಲ್ಲ. ವಿಮಲಾ ಗಂಟು ಹಾಕಿದಳು, ರಕ್ತ ನಿಲ್ಲುವಷ್ಟು ಬಿಗಿಯಾಗಿ.

ಪಟ್ಟಿ ಹುಡುಕಿದೆ. ಎಲೆ ಕಂಡಿತು. ಸೌಟು. ಮತ್ತೆ ಪಟ್ಟಿ. "ಬೆನ್ನು ಸರ್!" ಎಂದ ಫಿಸಿಯೋ. "ಕರೆಯುದು ಮರೆತ್ರಿ," ಎಂದರು ಸ್ಪೀಚಿನವರು. "ಪಾಯಸ, ಪಾಯಸ" ಎಂದೆ. ಮನಶ್ಶಾಸ್ತ್ರಜ್ಞೆ ತಾನೇ ಉಸಿರು ಎಳೆದು ತೋರಿಸಿದರು. ಇಪ್ಪತ್ತು ಎಲೆಗೆ ಎಷ್ಟು ಹೊತ್ತಾಯಿತೋ! ಬಲಸಾಲಿನ ಒಬ್ಬರೂ ಏಳಲಿಲ್ಲ. ಒಣಗಿದ ಕೈ ಹಿಡಿದುಕೊಂಡು ಚಿಕ್ಕಪ್ಪ ಕೂಡ ಕೂತಿದ್ದರು. ನನ್ನ ಇಪ್ಪತ್ತೈದು ವರ್ಷಗಳ ಖ್ಯಾತಿಯಲ್ಲಿ ಯಾರೂ ನನಗಾಗಿ ಇಷ್ಟು ಕಾದದ್ದಿಲ್ಲ.

ಪತ್ರ ಬಂತು. ದಿನಕ್ಕೆ ಎರಡು ಪೀರಿಯಡ್ ಮಾತ್ರ. ಕೈಪಟ್ಟಿ ಕಡ್ಡಾಯ. ಮಕ್ಕಳಿಗೆ ಮುಖ ಮಾಡಿದಾಗ ನನ್ನ ಎಡಕ್ಕೆ ಬರುವ ಮೂಲೆಯಲ್ಲಿ ಗೋಡೆಗೆ ಒರಗಿ ನಿಲ್ಲಬೇಕು, ಆಗ ಎಲ್ಲ ಮಕ್ಕಳೂ ಬಲಕ್ಕೆ ಬರುತ್ತಾರೆ. ನಾಲ್ಕು ಸಹಿ. ಮೂಲೆಯಲ್ಲಿ ನಿಲ್ಲುವ ಶಿಕ್ಷೆ ನಮ್ಮ ಶಾಲೆಯಲ್ಲಿ ಈಗ ಮೇಷ್ಟ್ರಿಗೆ!

ಮೊನ್ನೆ ಅಕ್ಕ ಫೋನಿನಲ್ಲಿ ಬೇರೆಯೇ ಕಥೆ ಹೇಳಿದಳು. ನಾನು ಎರಡನೆಯ ಸುತ್ತಿನಲ್ಲಿದ್ದಾಗಲೇ ಅವಳು ಎಡದ ಸಾಲಿಗೆ ಪಾಯಸ ಹಾಕಿಸಿದ್ದಳಂತೆ. ಎಲ್ಲರೂ ಉಂಡು ಎಲೆ ಬರಿದು ಮಾಡಿದ್ದರಂತೆ. "ಸುಳ್ಳು, ಯಾರೂ ಹಾಕ್ಲಿಲ್ಲ," ಎಂದಳು ವಿಮಲಾ. ಅಕ್ಷತಾಳನ್ನು ಕೇಳಿದೆ.

"ನೀವು ಬಡಿಸಿದ್ದು ಹೌದಲ್ವಾ ಸರ್?"

"ಹೌದು."

"ನಾವು ತಿಂದದ್ದೂ ಹೌದು."

ಅದು ಉತ್ತರವಲ್ಲ. ಆ ಇಪ್ಪತ್ತು ಜನ ಪಾಯಸವಿಲ್ಲದೆ ಕಾದಿದ್ದರೋ, ಅಥವಾ ಹೊಟ್ಟೆ ತುಂಬಿದ ಮೇಲೂ ನನಗಾಗಿ ಇನ್ನೊಮ್ಮೆ ಉಂಡರೋ, ನನಗೆ ಗೊತ್ತಿಲ್ಲ.