ಸುರಗಿ ಪರಿಮಳ ಬಂದಲ್ಲಿ ಎಡಕ್ಕೆ

ಪ್ರತಿಯೊಬ್ಬರಿಗೂ ಒಂದು ಜಂಬ ಇದ್ದೇ ಇರುತ್ತದೆ. ಇಲ್ಲ ಎನ್ನುವವರಿಗೆ, ತಮಗೆ ಜಂಬವೇ ಇಲ್ಲ ಎಂಬ ಜಂಬ. ನನ್ನ ನಾದಿನಿಗೆ ಅವಳು ಹಾಕುವ ಮಿಡಿ ಉಪ್ಪಿನಕಾಯಿಯದು. ಶಾಲಾ ಮಾಸ್ತರರಾದ ನಮ್ಮ ಯಜಮಾನರಿಗೆ, ಒಂದೇಟೂ ಹೊಡೆಯದೆ ಊರಿನ ಮಕ್ಕಳಿಗೆಲ್ಲ ಮಗ್ಗಿ ಕಲಿಸಿದ್ದು. ನನಗೆ ಎರಡು ಉಂಟು: ಒಂದು ನನ್ನ ಸೈಕಲ್, ಇನ್ನೊಂದು ನನ್ನ ಮೂಗು. ನೋಡಲಿಕ್ಕೆ ಚಂದದ ಮೂಗು ಎಂದು ಯಾರೂ ಹೇಳಿದ್ದಿಲ್ಲ. ಕೆಲಸಕ್ಕೆ ಬರುವ ಮೂಗು, ಅಷ್ಟೆ.

ಆಗ ನಾನು ಕಕ್ಕಿಂಜೆ, ನೆರಿಯ ಕಡೆಗೆ ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ನರ್ಸಮ್ಮ. ನಮ್ಮ ಮನೆ ಮುಂಡಾಜೆಯಲ್ಲಿ. ನಮ್ಮ ಕಡೆ ಮನೆಗಳು ಒಂದಕ್ಕೊಂದು ಮುಖ ಕೊಟ್ಟು ಕೂತಿರುವುದಿಲ್ಲ. ಒಂದು ಗುಡ್ಡದ ಮೇಲೆ, ಇನ್ನೊಂದು ತೋಡಿನ ಆಚೆ. ನಡೆದರೆ ದಿನಕ್ಕೆ ಹತ್ತು ಮನೆ ಮುಗಿಯುವುದಿಲ್ಲ. ಹಾಗಾಗಿ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಎರಡು ಮಕ್ಕಳ ತಾಯಿಯಾದ ಮೇಲೆ, ಸೈಕಲ್ ಕಲಿಯಲು ಹೊರಟೆ. ಗುರುಗಳು ಯಜಮಾನರೇ. ಶಾಲೆಯ ಮೈದಾನದಲ್ಲಿ ಕ್ಯಾರಿಯರ್ ಹಿಡಿದು ನನ್ನ ಹಿಂದೆ ಓಡುತ್ತಿದ್ದರು. ಮೂರನೆಯ ದಿನ "ಬಿಟ್ಟೆ ನೋಡು!" ಎಂದು ಕೂಗಿದ್ದು ಕೇಳಿಸಿತು. ನಾನೊಬ್ಬಳೇ ಬಿಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಮೈದಾನಕ್ಕೆ ಪೂರ್ತಿ ಒಂದು ಸುತ್ತು ಹಾಕಿ ತಿರುಗಿ ನೋಡುತ್ತೇನೆ, ಮಾಸ್ತರರು ಚಡ್ಡಿಯಲ್ಲಿ ನಿಂತಿದ್ದಾರೆ. ಕ್ಯಾರಿಯರಿನ ಕ್ಲಿಪ್ಪಿಗೆ ಸಿಕ್ಕಿ ಅವರ ಮುಂಡು ನನ್ನ ಜೊತೆ ಬಂದಿತ್ತು. ಅವರು ಹೇಳಿದ್ದು, "ಬಟ್ಟೆ ನೋಡು!" ಎಂದಂತೆ.

ಸೈಕಲ್ ಕಲಿತ ಮೇಲೆ ನನಗೆ ಊರು ಕಾಣಿಸಿತು. ಜೀಪಿನಲ್ಲಿ ಹೋದರೆ ಎದುರಿಗೆ ನೇತಾಡುವವನ ಕಂಕುಳು ಮಾತ್ರ ಕಾಣುತ್ತದೆ. ನಡೆದು ಹೋದರೆ ಹಾವಿನ ಹೆದರಿಕೆಗೆ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. ಸೈಕಲ್ಲಿನಲ್ಲಿ ಹಾಗಲ್ಲ, ತಲೆ ಎತ್ತಿ ರಾಣಿಯ ಹಾಗೆ ಹೋಗಬಹುದು. ಚಳಿ ಇನ್ನೂ ಇರುವಾಗಲೇ ಗೇರು ಹೂ ಬಿಡುತ್ತದೆ, ಅದರ ಹಿಂದೆಯೇ ಮಾವು. ಬೂರುಗದ ಮರ ಎಲೆಯೆಲ್ಲ ಕಳಚಿ, ಬರೀ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಗುಡ್ಡದ ಬದಿಯಲ್ಲಿ ಕೇಪುಳ. ಮಕ್ಕಳಿಗೆ ಪರೀಕ್ಷೆ ಬಂತೆನ್ನುವಾಗ ಕಕ್ಕೆಯ ಹಳದಿ ಗೊಂಚಲು. ಆಮೇಲೆ ಕುಂಟಾಲ ಹಣ್ಣು. ಜ್ವರವೆಂದು ಮಲಗಿದ ಮಕ್ಕಳ ನಾಲಿಗೆ ನೋಡಿದರೆ ನೇರಳೆ ಬಣ್ಣ, ಶಾಲೆಗೆ ಹೋಗದೆ ಎಲ್ಲಿಗೆ ಹೋಗಿದ್ದರೆಂದು ಕೇಳುವುದೇ ಬೇಡ.

ಹೀಗೆ ನೋಡಿ ನೋಡಿ ನನ್ನ ಮನೆ ಭೇಟಿಯ ಪುಸ್ತಕವೂ ಹೂ ಬಿಡಲು ಶುರುವಾಯಿತು. "ಮನೆಯ ಗುರುತು" ಎಂಬ ಜಾಗದಲ್ಲಿ ಬೇರೆಯವರು ಅಂಗಡಿ, ಮೋರಿ, ಕರೆಂಟು ಕಂಬ ಎಂದೆಲ್ಲ ಬರೆಯುತ್ತಾರೆ. ನಾನು ಬರೆದದ್ದು, "ದೊಡ್ಡ ಬೂರುಗ ದಾಟಿ ಬಲಕ್ಕೆ", "ಗೇರು ಹೂವಿನ ವಾಸನೆ ಮುಗಿದಲ್ಲಿ ಮೇಲೆ". ನೆರಿಯ ರಸ್ತೆಯ ನಫೀಸಮ್ಮನ ಮನೆಗೆ ಬರೆದದ್ದು, "ಇಳಿಜಾರಿನಲ್ಲಿ ಸುರಗಿ ಪರಿಮಳ ಬಂದಲ್ಲಿ ಎಡಕ್ಕೆ". ಇದನ್ನು ಬರೆದ ದಿನ ಎರಡೆರಡು ಸಲ ಓದಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ಪೋಲಿಯೊ ಹನಿ ಹಾಕುವ ಭಾನುವಾರ ಬಂದದ್ದು ಸರಿಯಾಗಿ ಸುರಗಿ ಬಿರಿಯುವ ಕಾಲಕ್ಕೆ. ನನ್ನ ವ್ಯಾಪ್ತಿಯಲ್ಲಿ ಅಲ್ಲಿಯವರೆಗೆ ಒಂದು ಮಗುವೂ ತಪ್ಪಿದ್ದಿಲ್ಲ. ಶನಿವಾರ ಸಾರಿ ಹೇಳಲು ಹೊರಟವಳು ದಾರಿಯಲ್ಲಿ ಸೈಕಲ್ ಸಮೇತ ಚರಂಡಿಗೆ ಬಿದ್ದೆ. ನಾಯಿ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ, ನಾಯಿ ಇರಲಿಲ್ಲ. ಬೂರುಗದ ಹೂವಿಗೆ ತಲೆ ತೂರಿಸಿ ಮಧು ಕುಡಿಯುತ್ತಿದ್ದ ಮೈನಾ ಹಕ್ಕಿಗಳನ್ನು ನೋಡುತ್ತಿದ್ದೆ, ರಸ್ತೆ ತಿರುಗಿತು, ನಾನು ತಿರುಗಲಿಲ್ಲ. ಪಾದ ಹಲಸಿನ ಗುಜ್ಜೆಯ ಹಾಗೆ ಬಾತುಕೊಂಡಿತು. ಇಲ್ಲದ ಆ ನಾಯಿಗೆ ಯಜಮಾನರು ಬೈದದ್ದನ್ನೆಲ್ಲ ಮಂಚದಲ್ಲಿ ಮಲಗಿ ಕೇಳಿಸಿಕೊಂಡೆ.

ಭಾನುವಾರದ ಕೆಲಸ ಬೇರೆಯವರು ನೋಡಿಕೊಂಡರು. ಸೋಮವಾರ ಉಳಿದ ಮಕ್ಕಳ ಮನೆಗೆ ಹೋಗಲು ಮೂಡುಬಿದಿರೆ ಕಡೆಯ ಪ್ರವೀಣ ಎಂಬ ಹೊಸ ಆರೋಗ್ಯ ಸಹಾಯಕರನ್ನು ಕಳಿಸಿದರು. ಬೈಕ್ ಇದ್ದ ಜನ. ನನ್ನ ಪುಸ್ತಕ ತಿರುವಿ ಹಾಕಿ, "ಸಿಸ್ಟರ್, ಇದು ವಿಳಾಸವಾ, ಹೂವಿನ ಅಂಗಡಿಯಾ?" ಎಂದರು.

"ಮೂಗು ಇದ್ದವರಿಗೆ ವಿಳಾಸ," ಎಂದೆ.

ಮಧ್ಯಾಹ್ನ ಮೂರೂವರೆಗೆ ಅವರು ಮುಖ ಸಣ್ಣ ಮಾಡಿಕೊಂಡು ಬಂದರು. ಎಲ್ಲ ಆಗಿದೆ, ಒಂದು ಮಗು ಬಾಕಿ. ನಫೀಸಮ್ಮನ ಮಗಳು ರಮ್ಲಾ ಬಾಣಂತನಕ್ಕೆ ತಾಯಿಮನೆಗೆ ಬಂದಿದ್ದಳಲ್ಲ, ಅವಳ ಇಪ್ಪತ್ತೆರಡು ದಿನದ ಕೂಸು.

"ಆ ರಸ್ತೆಯಲ್ಲಿ ಮೂರು ನಫೀಸಮ್ಮ ಸಿಕ್ಕಿದರು ಸಿಸ್ಟರ್. ಮೂರು ಕಡೆಯೂ ಶರಬತ್ತು ಕೊಟ್ಟರು, ಕೂಸು ಇಲ್ಲ."

"ಸುರಗಿ ಪರಿಮಳ ಬರಲಿಲ್ಲವಾ?"

"ಪೆಟ್ರೋಲಿನದ್ದು ಬಂತು."

ಸಂಜೆಯೊಳಗೆ ಲೆಕ್ಕ ಮುಗಿಸಿ ಪೆಟ್ಟಿಗೆ ಹಿಂದೆ ಕೊಡಬೇಕಿತ್ತು. ಪೆಟ್ಟಿಗೆಯ ಐಸೂ ಕರಗುತ್ತಾ ಬಂದಿತ್ತು. ನಾನು ಪಟ್ಟಿ ಬಿಗಿದ ಕಾಲನ್ನು ಹೇಗೋ ಎತ್ತಿ ಬೈಕಿನ ಹಿಂದೆ ಕೂತೆ. "ಮಾರಾಯ್ತಿ, ಇನ್ನೊಂದು ಕಾಲೂ ಬೇಡವಾ ನಿನಗೆ?" ಎಂದು ಯಜಮಾನರು ಜಗಲಿಯಿಂದ ಕೂಗಿದರು. ಕೂಗಿದ ಮೇಲೆ ತಾವೇ ಓಡಿ ಬಂದು ಲಸಿಕೆಯ ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಇಟ್ಟರು.

ಕಕ್ಕಿಂಜೆ ದಾಟಿ ನೆರಿಯ ರಸ್ತೆಯ ಇಳಿಜಾರು ಬಂತು. "ಇನ್ನು ಎಂಜಿನ್ ಬಂದ್ ಮಾಡಿ," ಎಂದೆ.

"ಯಾಕೆ?"

"ಹೊಗೆ ಬಂದರೆ ನನಗೆ ಗೊತ್ತಾಗುವುದಿಲ್ಲ. ಸೈಕಲ್ ಹೋದ ಹಾಗೆ ಹೋಗುವ, ನಿಧಾನ."

ಪ್ರವೀಣ ಎಂಜಿನ್ ನಿಲ್ಲಿಸಿದರು. ಬೈಕು ಸದ್ದಿಲ್ಲದೆ ಇಳಿಯತೊಡಗಿತು. ನಾನು ಕಣ್ಣು ಮುಚ್ಚಿ ಮೂಗು ಎತ್ತಿ ಕೂತೆ. ಎದುರು ಬಂದ ಜೀಪಿನವನು ನನ್ನನ್ನು ನೋಡಿ ವೇಗ ಕಡಿಮೆ ಮಾಡಿದ್ದು ಗೊತ್ತಾಯಿತು, ಏನು ಎಣಿಸಿದನೋ. ಒಣಗಿದ ಹುಲ್ಲಿನ ವಾಸನೆ ಬಂತು, ಯಾರೋ ತರಗೆಲೆ ಸುಟ್ಟದ್ದು ಬಂತು, ಗೇರು ಬಂತು, ಹೋಯಿತು. ಇಳಿಜಾರು ಇನ್ನೇನು ಮುಗಿಯುತ್ತದೆ ಎನ್ನುವಾಗ ಎದೆಯೊಳಗೆ ಸಣ್ಣ ಹೆದರಿಕೆ ಹುಟ್ಟಿತು. ಹೂವೆಲ್ಲ ಮಾಲೆಗೆಂದು ಕೊಯ್ದುಬಿಟ್ಟಿದ್ದರೆ? ಅಷ್ಟರಲ್ಲಿ ಎಡಗಡೆಯಿಂದ ತಂಪಾಗಿ ಬಂತು ನೋಡಿ, ನನ್ನ ಸುರಗಿ!

"ನಿಲ್ಲಿಸಿ!" ಎಂದು ಕಿರುಚಿದೆ. ಪ್ರವೀಣ ಬೆದರಿ ಬ್ರೇಕ್ ಹಾಕಿದರು. ನನ್ನ ಮೂಗು ಅವರ ಬೆನ್ನಿಗೆ ಬಡಿಯಿತು. ರಸ್ತೆ ಬದಿಯ ಪೊದೆ ಸರಿಸಿದರೆ ಕಾಲುದಾರಿ, ಅದರ ತುದಿಗೆ ಮರ. ಕೊಂಬೆಕೊಂಬೆಗೂ ಬಿಳಿ ಹೂ ಅಂಟಿಕೊಂಡು ಮರವಿಡೀ ಜೇನ್ನೊಣಗಳ ಗುಂಯ್‌ಗುಡುವಿಕೆ. ಮರದ ಆಚೆ ನಫೀಸಮ್ಮನ ಮನೆಯ ಹಿಂಬಾಗಿಲು. ಪ್ರವೀಣ ಮರವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಒಪ್ಪಿದೆ ಸಿಸ್ಟರ್," ಎಂದರು. ಕಾಲಿನ ನೋವು ಅಲ್ಲಿಗೆ ಅರ್ಧ ಇಳಿಯಿತು.

ಕೂಸು ನಿದ್ದೆಯಲ್ಲಿತ್ತು. ಬಾಯಿಗೆ ಎರಡು ಹನಿ ಬಿದ್ದದ್ದೇ ಮುಖ ಸೊಟ್ಟ ಮಾಡಿ, ಹುಣಸೆಹುಳಿ ನೆಕ್ಕಿದ ಮುದುಕನ ಹಾಗೆ ನನ್ನನ್ನು ನೋಡಿ, ಆಮೇಲೆ ಅತ್ತಿತು. ಕಿರುಬೆರಳಿಗೆ ಶಾಯಿ ಹಚ್ಚಿದೆ. ಒಂದು ಮಗುವೂ ತಪ್ಪಲಿಲ್ಲ! ನಫೀಸಮ್ಮ ತುಳುವಿಗೆ ಬ್ಯಾರಿ ಬೆರೆಸಿ, ಮುರಿದ ಕಾಲಲ್ಲೂ ಬಂದೆಯಲ್ಲ ಮಗಳೇ ಎಂದು ನನ್ನ ತಲೆ ಸವರಿದರು. ಮುರಿದದ್ದಲ್ಲ, ಉಳುಕಿದ್ದು. ಆದರೆ ಅಂಥ ಹೊತ್ತಿನಲ್ಲಿ ತಿದ್ದಲು ಹೋಗಬಾರದು.

ಹನಿ ಹಾಕಿದ ಮನೆಗೆ ಸೀಮೆಸುಣ್ಣದ ಗುರುತು ಹಾಕುವ ಕ್ರಮ ಉಂಟು. ಪ್ರವೀಣ ಸೀಮೆಸುಣ್ಣ ತೆಗೆದು, "ಎಲ್ಲಿ ಹಾಕಲಿ?" ಎಂದು ಕೇಳಿದರು.

"ಗೇಟಿಗೇ ಹಾಕಿ ಮಗನೇ, ರಸ್ತೆಯಿಂದ ಎಲ್ಲರಿಗೂ ಕಾಣುತ್ತದೆ," ಎಂದರು ನಫೀಸಮ್ಮ.

"ಯಾವ ಗೇಟು?" ಎಂದೆ ನಾನು.

ನಫೀಸಮ್ಮ ನನ್ನ ಮುಖವನ್ನೇ ನೋಡಿದರು. "ನನ್ನ ಮಗ ದುಬಾಯಿಯಿಂದ ಬಂದಾಗ ಹಾಕಿಸಿದ್ದಲ್ಲವಾ? ಎರಡು ವರ್ಷ ಆಯಿತು."

ಮುಂಬಾಗಿಲಿಗೆ ಕುಂಟುತ್ತಾ ಹೋಗಿ ನೋಡಿದೆ. ನಾವು ಇಳಿದಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ, ರಸ್ತೆಗೇ ಮುಖ ಮಾಡಿ, ಬಸ್ಸು ನುಗ್ಗುವಷ್ಟು ಅಗಲದ ಗಿಳಿಹಸಿರು ಗೇಟು. ಎರಡು ಕಂಬಕ್ಕೆ ಎರಡು ಸಿಂಹ. ಮೇಲೆ ಬಂಗಾರದ ಬಣ್ಣದಲ್ಲಿ ಮೊಳದುದ್ದದ ಅಕ್ಷರ: ನಫೀಸಾ ಮಂಜಿಲ್.

"ಸಿಸ್ಟರ್," ಎಂದರು ಪ್ರವೀಣ, ಬಹಳ ಮರ್ಯಾದೆಯಿಂದ, "ಬೆಳಿಗ್ಗೆ ಇದೇ ಸಿಂಹದ ಬುಡದಲ್ಲಿ ಬೈಕ್ ನಿಲ್ಲಿಸಿ ನಿಮ್ಮ ಸುರಗಿ ಹುಡುಕಿದ್ದು. ಗೇಟು ಹಾಕಿತ್ತು, ಕರೆದದ್ದು ಒಳಗೆ ಕೇಳಿಸಲಿಲ್ಲ. ನಿಮ್ಮ ಪುಸ್ತಕದಲ್ಲಿಯೂ ಗೇಟು ಇರಲಿಲ್ಲ."

ನಾನು ಎರಡು ವರ್ಷ ವಾರಕ್ಕೊಮ್ಮೆ ಆ ರಸ್ತೆಯಲ್ಲಿ ಹೋಗಿದ್ದೆ. ಆ ರಾತ್ರಿಯೇ ಪುಸ್ತಕ ತೆಗೆದು, ಸುರಗಿಯ ಸಾಲನ್ನು ಹೊಡೆದು ಹಾಕಲು ಮನಸ್ಸು ಬಾರದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಹಸಿರು ಗೇಟು, ಸಿಂಹ ಎರಡು" ಎಂದು ಸೇರಿಸಿದೆ. ಮರುವರ್ಷ ಅವರು ಆ ಗೇಟಿಗೆ ನೀಲಿ ಬಣ್ಣ ಬಳಿಸಿದರು. ಬಳಿಸಿ ನಾಲ್ಕು ತಿಂಗಳಾದ ಮೇಲೆ ಪ್ರವೀಣ ಬಂದು ಹೇಳಿದಾಗಲೇ ನನಗೆ ಗೊತ್ತಾದದ್ದು.